ಕಾಲುವೆ ಬಂದಾದ ಬೇಸಿಗೆ

ವಿರುಪಣ್ಣನಿಗೆ ಬದುಕಿನಲ್ಲಿ ಒಂದೇ ಒಂದು ಬೇಸಿಗೆ ಕೈತುಂಬ ಸಿಕ್ಕಿತ್ತು. ಅದನ್ನೂ ಅವನೇ ಕೆಡಿಸಿಕೊಂಡ. ತಪ್ಪನ್ನು ಬೇರೆ ಯಾರ ಮೇಲಾದರೂ ಹಾಕೋಣವೆಂದರೆ, ಒಮ್ಮೆ ಹಾಗೆ ಹಾಕಿಯೇ ಈ ಗತಿ ಬಂದದ್ದು.

ಅವನು ಕಾಲುವೆಯ ಲಸ್ಕರ್. ಮರಳಿ ಊರಿನ ಆಚೆಗಿರುವ, ಹೊಸ ಕ್ಯಾಂಪು ಎಂಬ ಅವನ ಹಳ್ಳಿಯ ಹತ್ತಿರ ಉಪಕಾಲುವೆಯ ಗೇಟು ಎತ್ತುವುದು, ಇಳಿಸುವುದು, ಬೀಗ ಹಾಕಿ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ತಿರುಗುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ದಿನಗೂಲಿ. ಕಾಯಂ ಆಗುವ ಆದೇಶ ಇವತ್ತು ಬಂತು, ನಾಳೆ ಬಂತು ಅನ್ನುವುದರಲ್ಲೇ ಅವನ ತಲೆ ಅರ್ಧ ಬೆಳ್ಳಗಾಗಿತ್ತು. ನೀರು ಹರಿಯುವ ತಿಂಗಳುಗಳಲ್ಲಿ ಅವನಿಗೆ ಹಬ್ಬವಿಲ್ಲ, ಹುಣ್ಣಿಮೆಯಿಲ್ಲ. ಮೇಲಿನ ಹೊಲದವರಿಗೂ ಕೆಳಗಿನ ಹೊಲದವರಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದೇ ಆಗಿತ್ತು. ಮಗಳು ಹೇಮಾ ಯಾವಾಗ ಅಂಬೆಗಾಲಿಟ್ಟಳು, ಯಾವಾಗ ಲಂಗ ಬಿಟ್ಟು ಚೂಡಿದಾರ ಹಾಕಿದಳು ಎಂದು ಕೇಳಿದರೆ ಅವನು ಹೆಂಡತಿಯ ಮುಖ ನೋಡಬೇಕು.

ಹೋದ ವರ್ಷ ಏಪ್ರಿಲ್ ಹತ್ತಕ್ಕೆ ನೀರು ನಿಲ್ಲಿಸಿ ಕಾಲುವೆ ಬಂದ್ ಮಾಡಿದರು. ಪ್ರತಿ ವರ್ಷ ಬಂದಾದ ಮೇಲೆ ಹೂಳು ತೆಗೆಸುವ ಕೆಲಸ ಇರುತ್ತಿತ್ತು. ಆ ಸಲ ಚಳಿಗಾಲದಲ್ಲೇ ನೀರು ನಿಲ್ಲಿಸಿ ಕಾಲುವೆಗೆ ಹೊಸದಾಗಿ ಕಾಂಕ್ರೀಟ್ ಹಾಸಿದ್ದರು. ಹೂಳಿಲ್ಲ, ಜಾಲಿ ಕಡಿಯುವುದಿಲ್ಲ, ಬಿಲ ಮುಚ್ಚುವುದಿಲ್ಲ. ಒಂಬತ್ತನೆಯ ತರಗತಿಯ ಪರೀಕ್ಷೆ ಮುಗಿಸಿದ ಮಗಳು, ಕೆಲಸವಿಲ್ಲದ ಅಪ್ಪ. ತಾಯಿ ಸುರೇಖಾ ಅಂಗನವಾಡಿಯ ಸಹಾಯಕಿ, ಬೆಳಿಗ್ಗೆ ಹೋದರೆ ಮಧ್ಯಾಹ್ನವೇ ಬರುವವಳು. ಮನೆಯಲ್ಲಿ ಇವರಿಬ್ಬರೇ ಎದುರುಬದುರು ಕುಳಿತು ನಾಲ್ಕು ದಿನ ಫ್ಯಾನು ನೋಡಿದರು. ಐದನೆಯ ದಿನ ಹೇಮಾ, "ಯಪ್ಪಾ, ಗಂಗಾವತ್ಯಾಗ ಹೊಸಾ ಸಿನಿಮಾ ಬಂದೈತಿ. ಹೋಗೂಣೇನು?" ಅಂದಳು. ವಿರುಪಣ್ಣ ಟಾಕೀಸಿನ ಮೆಟ್ಟಿಲು ಹತ್ತಿ ಹದಿನೈದು ವರ್ಷವಾಗಿತ್ತು.

ಅಲ್ಲಿಂದ ಶುರುವಾಯಿತು. ಆ ಬೇಸಿಗೆಯಲ್ಲಿ ದೊಡ್ಡ ದೊಡ್ಡ ಸಿನಿಮಾಗಳೇ ಒಂದರ ಹಿಂದೊಂದು ಬಂದವು. ಒಂದರಲ್ಲಿ ನಾಯಕ ಬರಿಗೈಯಲ್ಲಿ ಕ್ರೇನು ಉರುಳಿಸಿದ, ಇನ್ನೊಂದರಲ್ಲಿ ಒಬ್ಬನೇ ಒಂದು ಬಂದರನ್ನೇ ಸುಟ್ಟ. ವಿರುಪಣ್ಣ ಮೊದಲ ದಿನ ಮುಜುಗರದಿಂದ ಕೈಕಟ್ಟಿ ಕುಳಿತವನು ಮೂರನೆಯ ಸಿನಿಮಾದ ಹೊತ್ತಿಗೆ ಎದ್ದು ನಿಂತು ಶಿಳ್ಳೆ ಹಾಕಿದ. ಹೇಮಾ ನಕ್ಕು ನಕ್ಕು ಅವನ ಅಂಗಿ ಹಿಡಿದು ಕೂರಿಸಿದಳು. ಸಿನಿಮಾ ಇಲ್ಲದ ದಿನ ಮರಳಿಯ ಗ್ರಂಥಾಲಯದಿಂದ ಪತ್ತೇದಾರಿ ಕಾದಂಬರಿ ತರುತ್ತಿದ್ದಳು. ಏಳನೇ ಇಯತ್ತೆಗೆ ಸಾಲೆ ಬಿಟ್ಟ ಅಪ್ಪನಿಗೆ ಓದಿ ಹೇಳುವುದು ಅವಳ ಪಾಳಿ, ಕೊಲೆಗಾರ ಯಾರು ಎಂದು ಊಹಿಸುವುದು ಅವನ ಪಾಳಿ. ಅವನು ಪ್ರತಿ ಸಲವೂ ಗುಮಾಸ್ತನ ಮೇಲೆಯೇ ಅನುಮಾನ ಪಡುತ್ತಿದ್ದ. ಇಪ್ಪತ್ತೆರಡು ವರ್ಷ ಆಫೀಸಿಗೆ ಅಲೆದವನಿಗೆ ಬೇರೆ ಯಾರ ಮೇಲೆ ಅನುಮಾನ ಬಂದೀತು?

ಬಿಸಿಲೇರಿದ ಮೇಲೆ ಫೋನಿನಲ್ಲಿ ಕೋಟೆ ಕಾಯುವ ಗೇಮು. ಒಂದು ಪ್ರಾಣ ಅವಳದು, ಒಂದು ಪ್ರಾಣ ಅವನದು. "ಎಡಕ್ಕ ಬಂದ್ರು, ಎಡಕ್ಕ, ಎಡಕ್ಕಪ್ಪ" ಎಂದು ಅವಳು ಕಿರುಚುವುದು, ಅವನು ಬಲಕ್ಕೆ ಹೊಡೆದು ಕೋಟೆ ಕಳೆಯುವುದು. ಸುರೇಖಾ ಅಂಗನವಾಡಿಯಿಂದ ಬಂದವಳು ಬಾಗಿಲಲ್ಲಿ ನಿಂತು, "ಇಬ್ಬರಾಗ ಸಣ್ಣವ್ರು ಯಾರು ಅಂತ ಒಂದೀಟು ಹೇಳಿಬಿಡ್ರಿ, ಅವರಿಗೆ ನಾಳಿಂದ ಅಂಗನವಾಡ್ಯಾಗ ಹೆಸರು ಹಚ್ಚತೀನಿ" ಅನ್ನುತ್ತಿದ್ದಳು. ಅಷ್ಟು ಸುಖ ಆ ಮನೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ. ಆಮೇಲೂ ಬರಲಿಲ್ಲ.

ಮೇ ತಿಂಗಳಲ್ಲಿ ಕುಡಿಯುವ ನೀರಿನ ಸಲುವಾಗಿ ಒಂದು ವಾರ ಕಾಲುವೆಗೆ ನೀರು ಬಿಡುವುದು ವಾಡಿಕೆ. ಊರೂರ ಕೆರೆಗಳಿಗೆ ಪಾಳಿಯ ಮೇಲೆ ನೀರು. ಹೊಸ ಕ್ಯಾಂಪಿನ ಪಾಳಿ ಭಾನುವಾರ ಸಂಜೆ ಆರಕ್ಕೆ ಬರುತ್ತದೆ, ಎರಡು ತಾಸು ಮಾತ್ರ ಇರುತ್ತದೆ ಎಂದು ಹೇಳಿ ಕಳಿಸಿದ್ದರು. ಲಸ್ಕರರಲ್ಲಿ ಇದಕ್ಕೊಂದು ಪದ್ಧತಿಯಿದೆ. ನೀರು ತನ್ನ ಗೇಟು ದಾಟಿದ ಕೂಡಲೇ ಮೇಲಿನವನು ಕೆಳಗಿನವನಿಗೆ ಫೋನು ಮಾಡಬೇಕು. ಕೆಳಗಿನವನು ಹೂಂ ಅಂದನೋ, ಅಲ್ಲಿಂದ ಆ ನೀರು ಅವನ ಹೊಣೆ. ಕಾಗದವಿಲ್ಲ, ಸಹಿಯಿಲ್ಲ, ಆ ಹೂಂ ಒಂದೇ.

ಭಾನುವಾರ ಬೆಳಿಗ್ಗೆ ಹೇಮಾ ಗೇಟಿನ ವಿಷಯ ತಾನೇ ನೆನಪು ಮಾಡಿದಳು. "ಆರಕ್ಕ ಅಲ್ಲ? ಹನ್ನೊಂದೂವರಿ ಆಟಕ್ಕ ಹೋದ್ರ ನಾಕರೊಳಗ ಮನ್ಯಾಗಿರತೀವಿ" ಎಂದು ವಿರುಪಣ್ಣನೇ ಅವಳನ್ನು ಹೊರಡಿಸಿದ. ಅವತ್ತಿನ ಸಿನಿಮಾಕ್ಕೆ ಅವನಿಗೆ ಅವಳಿಗಿಂತ ಹೆಚ್ಚು ಆತುರವಿತ್ತು.

ಮಧ್ಯಂತರ ಮುಗಿದು ಸ್ವಲ್ಪ ಹೊತ್ತಾಗಿತ್ತು. ಫೋನು ಗುಂಯ್‌ಗುಟ್ಟಿತು. ಮೇಲಿನ ಗೇಟಿನ ಲಸ್ಕರ್ ವಾಹೀದ.

"ವಿರುಪಣ್ಣ, ನೀರು ಲಗೂನ ಬಿಟ್ಟಾರ ನೋಡು. ನನ್ನ ಗೇಟು ದಾಟೇತಿ."

"ಹೂಂ," ಅಂದ ವಿರುಪಣ್ಣ.

ಹಾಗೆಂದು ಒಂದು ಲೆಕ್ಕ ಹಾಕಿದ. ವಾಹೀದನ ಗೇಟಿನಿಂದ ತನ್ನ ಗೇಟಿಗೆ ಐದು ಕಿಲೋಮೀಟರು. ಬಿಸಿಲಿಗೆ ಬಾಯಿಬಿಟ್ಟ ಕಾಲುವೆಯ ನೆಲ ಮೊದಲ ನೀರನ್ನು ಕುಡಿದು ತೃಪ್ತಿಯಾದ ಮೇಲೆಯೇ ಮುಂದಕ್ಕೆ ಬಿಡುವುದು. ಏನಿಲ್ಲವೆಂದರೂ ನಾಲ್ಕು ತಾಸು. ಇಪ್ಪತ್ತೆರಡು ಬೇಸಿಗೆಗಳಲ್ಲಿ ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ಕಾಲುವೆಗೆ ಕಾಂಕ್ರೀಟ್ ಹಾಸಿದ್ದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಹಾಸಿದಾಗ ಎರಡು ತಿಂಗಳು ಅದಕ್ಕೆ ನೀರು ಹೊಡೆದವನೇ ಅವನು. ಆದರೆ ಆ ಗಳಿಗೆಯಲ್ಲಿ ಪರದೆಯ ಮೇಲೆ ನಾಯಕ ಸಂಕೋಲೆ ಹರಿದುಕೊಂಡು ಏಳುತ್ತಿದ್ದ. ಮನಸ್ಸು ತನಗೆ ಬೇಕಾದ ಲೆಕ್ಕವನ್ನೇ ಎತ್ತಿಕೊಂಡಿತು.

"ಯಾರದಪ್ಪ ಫೋನು?" ಹೇಮಾ ಕೇಳಿದಳು.

"ಯಾರದೂ ಅಲ್ಲ, ಕಂಪನಿ ಕಾಲ್," ಎಂದು ಫೋನನ್ನು ಸೈಲೆಂಟ್ ಮಾಡಿ ಜೇಬಿಗಿಟ್ಟುಕೊಂಡ.

ಸಿನಿಮಾ ಬಿಟ್ಟ ಮೇಲೆ ಮಿರ್ಚಿ ಗಾಡಿಯ ಮುಂದೆ ಅರ್ಧ ತಾಸು ಹೋಯಿತು. ಟಂಟಂ ಆಟೋ ತುಂಬುವವರೆಗೆ ಇನ್ನರ್ಧ ತಾಸು. ಕ್ಯಾಂಪು ಮುಟ್ಟಿದಾಗ ನಾಲ್ಕು ದಾಟಿತ್ತು. ದಂಡೆಯ ಮೇಲೆ ಇಡೀ ಕ್ಯಾಂಪು ನಿಂತಿತ್ತು. ನುಣ್ಣನೆಯ ಕಾಂಕ್ರೀಟಿನ ಮೇಲೆ ಜಾರಿಕೊಂಡು ನೀರು ಒಂದೇ ತಾಸಿನಲ್ಲಿ ಬಂದಿತ್ತು. ಬಂದು, ಕೆರೆಯ ಕಡೆಗೆ ತಿರುಗಿಸುವ, ಬೀಗ ಹಾಕಿದ ಗೇಟಿನ ಮುಂದೆ ಹಾದು, ಕೊನೆಯ ಹಳ್ಳಕ್ಕೆ ಹೋಗಿ ಬಿದ್ದಿತ್ತು. ಎರಡು ವರ್ಷದ ಹಿಂದೆ ಯಾರೋ ಬೀಗ ಒಡೆದಿದ್ದಕ್ಕೆ ಪೊಲೀಸ್ ಕೇಸಾಗಿತ್ತು, ಹಾಗಾಗಿ ಈ ಸಲ ಒಬ್ಬರೂ ಅದನ್ನು ಮುಟ್ಟಲಿಲ್ಲ. ತಮ್ಮ ಕುಡಿಯುವ ನೀರು ಕಣ್ಣ ಮುಂದೆಯೇ ಹರಿದು ಹೋಗುವುದನ್ನು ಎರಡು ತಾಸು ನೋಡುತ್ತ ನಿಂತಿದ್ದರು. ವಿರುಪಣ್ಣ ಫೋನು ತೆಗೆದು ನೋಡಿದರೆ ಹದಿನಾರು ಮಿಸ್ ಕಾಲ್.

ಮರುದಿನ ಬೆಳಿಗ್ಗೆ ಕಾಲುವೆಯ ಸಾಹೇಬರು ಜೀಪಿನಲ್ಲಿ ಬಂದರು. ಗುಡಿಕಟ್ಟೆಯ ಮುಂದೆ ಎಲ್ಲರೂ ಸೇರಿದರು. ಕ್ಯಾಂಪಿನ ಹಿರಿಯ ಮುದಿಯಪ್ಪ ನಡೆದದ್ದನ್ನು ಹೇಳಿದ.

"ಹದಿನಾರು ಸಲ ಫೋನ್ ಮಾಡ್ಯಾರ," ಸಾಹೇಬರು ವಿರುಪಣ್ಣನ ಕಡೆ ತಿರುಗಿದರು. "ಎಲ್ಲಿ ಸತ್ತಿದ್ದಿ? ನಾನು ಇವತ್ತಽ ಮ್ಯಾಲಿನವ್ರಿಗೆ ರಿಪೋರ್ಟ್ ಬರದ್ರ ನಾಳಿಂದ ನಿನಗ ಕೆಲಸ ಇಲ್ಲ. ಕಾಯಂದು ಮಾತಽ ಬಿಡು."

ವಿರುಪಣ್ಣನ ಕಣ್ಣು ಅಲ್ಲಿ ಇಲ್ಲಿ ಓಡಾಡಿ, ಕೊಡ ಹಿಡಿದು ನಳದ ಹತ್ತಿರ ನಿಂತಿದ್ದ ಹೇಮಾಳ ಮೇಲೆ ನಿಂತಿತು. ಹುಡುಗಿಗೆ ಇವರು ಏನು ಮಾಡಿಯಾರು, ಬೈದು ಬಿಡುತ್ತಾರೆ, ಅವಳಿಗೇನು ನೌಕರಿಯೇ ಹೋಗುವುದು ಎಂದು ಅವನ ಬುದ್ಧಿ ಹೇಳಿತು. ಹಾಳಾದ ಬುದ್ಧಿ, ಎರಡೇ ದಿನದಲ್ಲಿ ಎರಡನೆಯ ಸಲ ಅವನಿಗೆ ಬೇಕಾದ ಲೆಕ್ಕವನ್ನೇ ಹಾಕಿಕೊಟ್ಟಿತು.

"ಫೋನು ಹುಡಿಗಿ ಕೈಯಾಗಿತ್ರಿ ಸಾಹೇಬ್ರ. ಗೇಮ್ ಆಡಾಕಂತ ಸೈಲೆಂಟ್ ಮಾಡಿ ಇಟ್ಕೊಂಡಿದ್ಳು. ನನಗ ಒಂದು ಫೋನೂ ಗೊತ್ತಾಗಲಿಲ್ರಿ."

ಜನ ತಿರುಗಿ ನೋಡಿದರು. ಸಾಹೇಬರು, "ಹೌದೇನಮ್ಮ?" ಎಂದು ಕೇಳಿದರು.

ಹೇಮಾ ಅಪ್ಪನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಹೌದ್ರಿ ಸರ್," ಅಂದಳು.

ಮಕ್ಕಳ ಕೈಗೆ ಫೋನು ಕೊಟ್ಟರೆ ಏನಾಗುತ್ತದೆ ಎಂಬುದರ ಮೇಲೆ ಸಾಹೇಬರು ಕಾಲು ತಾಸು ಭಾಷಣ ಮಾಡಿ, ಎಚ್ಚರಿಕೆ ಕೊಟ್ಟು ಹೋದರು. ಕೆಲಸ ಉಳಿಯಿತು. ಮನೆಗೆ ಬಂದ ಮೇಲೆ ಸುರೇಖಾ, ಅವಳೂ ಅದನ್ನೇ ನಂಬಿದ್ದಳು, ಮಗಳ ಬೆನ್ನಿಗೆ ನಾಲ್ಕು ಬಾರಿಸಿದಳು. ವಿರುಪಣ್ಣ ಅಲ್ಲಿಯೇ ಹೊರಸಿನ ಮೇಲೆ ಕುಳಿತಿದ್ದ. ಬಿಡಿಸಲು ಏಳಲಿಲ್ಲ. ಎದ್ದರೆ ನಿಜ ಬಾಯಿಗೆ ಬಂದುಬಿಡುತ್ತದೆಂದು ಹೆದರಿದ.

ಹದಿನೆಂಟು ದಿನ ಕ್ಯಾಂಪು ಟ್ಯಾಂಕರಿನ ನೀರು ಕುಡಿಯಿತು. ಹೇಮಾ ಕೊಡ ಹಿಡಿದು ಸಾಲಿನಲ್ಲಿ ನಿಂತರೆ ಹೆಂಗಸರು, "ಬಾರವ್ವ, ನಿನ್ನ ಗೇಮು ಮುಗೀತೇನು?" ಅನ್ನುತ್ತಿದ್ದರು. ಅವಳು ಕೊಡ ತುಂಬಿಸಿಕೊಂಡು ಬರುತ್ತಿದ್ದಳು. ಫೋನಿನ ಗೇಮನ್ನು ತಾನೇ ತೆಗೆದು ಹಾಕಿದಳು. ಅರ್ಧ ಓದಿದ್ದ ಕಾದಂಬರಿಯನ್ನು ಗ್ರಂಥಾಲಯಕ್ಕೆ ವಾಪಸು ಕೊಟ್ಟಳು. ಆ ಪುಸ್ತಕವನ್ನು ವಿರುಪಣ್ಣ ಮತ್ತೆ ಹೋಗಿ ತಂದ. ಅಕ್ಷರ ಕೂಡಿಸಿ ಕೂಡಿಸಿ ಹತ್ತು ದಿನ ಓದಿ ಮುಗಿಸಿ, "ಹೇಮಾ, ಕೊಲಿ ಮಾಡಿದಾಕಿ ದೊಡ್ಡಮ್ಮ ಅಂತ. ಗುಮಾಸ್ತ ಅಲ್ಲ" ಎಂದು ಹೇಳಲು ಹೋದ. "ಹೌದೇನಪ್ಪ," ಎಂದು ಅವಳು ಗಣಿತದ ವಹಿಯಿಂದ ತಲೆ ಎತ್ತಲಿಲ್ಲ. ದಸರೆಗೊಂದು, ಸಂಕ್ರಾಂತಿಗೊಂದು ದೊಡ್ಡ ಸಿನಿಮಾ ಬಂತು. ಎರಡು ಸಲವೂ ಕರೆದ. ಎರಡು ಸಲವೂ, "ಓದೂದೈತಪ್ಪ" ಅಂದಳು. ಅವಳು ಸಿಟ್ಟು ಮಾಡಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಊಟಕ್ಕೆ ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಹಬ್ಬಕ್ಕೆ ಕಾಲಿಗೂ ಬೀಳುತ್ತಿದ್ದಳು. ನಗು ಮಾತ್ರ ಇರಲಿಲ್ಲ. ನಿಜವನ್ನು ನಾಳೆ ಹೇಳಿದರಾಯಿತು, ಸಾಹೇಬರು ವರ್ಗವಾದ ಮೇಲೆ ಹೇಳಿದರಾಯಿತು, ಅವಳ ಪರೀಕ್ಷೆ ಮುಗಿಯಲಿ ಎಂದು ಒಂದು ವರ್ಷ ದೂಡಿದ. ಅಂಜುಬುರುಕನಿಗೆ ಕಾರಣಗಳಿಗೇನು ಬರ?

ಈ ಬೇಸಿಗೆಯಲ್ಲಿ ಹತ್ತನೆಯ ಫಲಿತಾಂಶ ಬಂತು. ಹೇಮಾಳಿಗೆ ತೊಂಬತ್ತೊಂದು ಪರ್ಸೆಂಟ್. ಕೊಪ್ಪಳದ ಕಾಲೇಜಿನಲ್ಲಿ ಸೀಟು, ಅಲ್ಲಿಯೇ ಹಾಸ್ಟೆಲು. ಹೊರಡುವ ಹಿಂದಿನ ದಿನ ಬೆಳಿಗ್ಗೆ ವಿರುಪಣ್ಣ ಗಟ್ಟಿ ಮನಸ್ಸು ಮಾಡಿ ಮುದಿಯಪ್ಪನ ಮನೆಗೆ ಹೋದ. ಮುದಿಯಪ್ಪ ಅಂಗಳದಲ್ಲಿ ಎಮ್ಮೆಗೆ ಮೇವು ಹಾಕುತ್ತಿದ್ದ.

"ಕಾಕಾ, ಹ್ವಾದ ವರ್ಷ ನೀರು ಹಳ್ಳಕ್ಕ ಹೋತಲ್ಲ, ಅದರಾಗ ಹೇಮಾಂದು ಏನೂ ತಪ್ಪಿಲ್ಲ. ವಾಹೀದನ ಫೋನು ನಾನಽ ಎತ್ತಿದ್ದೆ. ಸೈಲೆಂಟ್ ಮಾಡಿದಾವನೂ ನಾನಽ."

"ಗೊತ್ತೈತಿ," ಅಂದ ಮುದಿಯಪ್ಪ, ಮೇವು ಹಾಕುವುದನ್ನು ನಿಲ್ಲಿಸದೆ.

"ಯಾವಾಗಿಂದ?"

"ಮೂರನೇ ದಿನಕ್ಕಽ. ವಾಹೀದ ಬಂದು, ವಿರುಪಣ್ಣ ಹೂಂ ಅಂದಿದ್ದ ಅಂತ ಹೇಳಿದ. ಸಾಹೇಬ್ರಿಗೆ ಫೋನ್ ಹಚ್ಚಾಕಂತ ಇಲ್ಲೇ ಕುಂತಿದ್ವಿ. ಅಷ್ಟರಾಗ ನಿನ್ನ ಮಗಳು ಬಂದ್ಲು."

"ಏನಂದ್ಲು ಕಾಕಾ?"

"ಅಜ್ಜ, ಬೈಯೂದಿದ್ರ ನನಗ ಬೈಯ್ರಿ, ನಾ ಬೈಸಿಕೊಂತೀನಿ. ಕೆಲಸ ಹೋದ್ರ ನಮ್ಮಪ್ಪ ಉಳಿಯಾಂಗಿಲ್ಲ ಅಂದ್ಲು. ಕೂಸಿನ ಮುಂದ ನಾವೇನು ಮಾತಾಡೂದು? ಹೆಂಗಸರ ಕಿವಿಗೆ ಹಾಕಲಿಲ್ಲ, ಅವರಿಗೆ ಗೊತ್ತಾದ್ರ ಆಫೀಸಿನ ತನಕ ಹೋಗತೈತಿ ಅಂತ. ಅಪ್ಪ ಅದಾನ, ಇವತ್ತಿಲ್ಲ ನಾಳಿ ಬಂದು ಹೇಳ್ತಾನ ಅಂತ ಕಾದ್ವಿ." ಮುದಿಯಪ್ಪ ಕೈ ಝಾಡಿಸಿಕೊಂಡ. "ವರ್ಷ ಹಿಡೀತು ನಿನಗ."

ವಿರುಪಣ್ಣ ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ. ಹೇಮಾ ಬಟ್ಟೆ ಮಡಿಚಿ ಬ್ಯಾಗಿಗೆ ತುಂಬುತ್ತಿದ್ದಳು. ಅವಳ ಎದುರು ನೆಲದ ಮೇಲೆ ಕುಳಿತ.

"ಮುದಿಯಪ್ಪ ಕಾಕಾನ ಮುಂದ ಎಲ್ಲಾ ಹೇಳಿ ಬಂದೆ, ಹೇಮಾ. ತಪ್ಪು ನಂದಽ ಅಂತ."

"ಅವರಿಗೆ ಗೊತ್ತಿತ್ತಲ್ಲಪ್ಪ," ಹೇಮಾ ಒಂದು ಚೂಡಿದಾರದ ಮಡಿಕೆ ಸರಿ ಮಾಡಿದಳು. "ನಿನಗ ಗೊತ್ತಿತ್ತು, ನನಗ ಗೊತ್ತಿತ್ತು. ನನ್ನ ಮುಂದ ಮಾತ್ರ ನೀ ಒಂದಿನಾನೂ ಹೇಳಲಿಲ್ಲ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ತಪ್ಪಾತವ್ವ," ಅಂದ ವಿರುಪಣ್ಣ. ಕಣ್ಣೀರು ಗಡ್ಡಕ್ಕಿಳಿಯಿತು. "ನನ್ನ ಕೈಲೆ ಭಾಳ ತಪ್ಪಾತು."

ಹೇಮಾ ಕೈಯಲ್ಲಿದ್ದ ಬಟ್ಟೆಯನ್ನು ಬದಿಗಿಟ್ಟು, ತನ್ನ ದುಪಟ್ಟಾದ ತುದಿಯಿಂದ ಅಪ್ಪನ ಮುಖ ಒರೆಸಿದಳು. ಒರೆಸುತ್ತ, ಸಣ್ಣ ಮಕ್ಕಳಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

"ಇಷ್ಟಽ ಅವತ್ತು ಮನಿಗೆ ಬಂದಕೂಡ್ಲೆ ಹೇಳಿದ್ದಿ ಅಂದ್ರ, ಮುಂದಿನ ವಾರ ಮತ್ತ ಇಬ್ರೂ ಸಿನಿಮಾಕ್ಕ ಹೋಗ್ತಿದ್ವಲ್ಲಪ್ಪ."

ಅಷ್ಟು ಹೇಳಿ, ಉಳಿದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿಕೊಂಡು ಬ್ಯಾಗು ತುಂಬಿಸಿದಳು.