ಗುಂಡಿ ಹೊಲಿದ ನಕ್ಷೆ

ಟೈಲರುಗಳು ‘ನಾಳೆ ಬನ್ನಿ’ ಎಂದರೆ ಅದರ ಅರ್ಥವೇನೆಂದು ಬಟ್ಟೆ ಹೊಲಿಸಿದವರಿಗೆಲ್ಲ ಗೊತ್ತು. ಮೂಲೆ ಅಂಗಡಿಯ ಟೈಲರಕ್ಕ ಆ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಬೆಳಿಗ್ಗೆ ಕೇಳಿದರೂ ನಾಳೆ, ಸಂಜೆ ಕೇಳಿದರೂ ನಾಳೆ. ಆದರೆ ಬೀದಿಗೆ ರೈಲು ಬರುತ್ತದೆಂದು ಗೊತ್ತಾದ ಮೇಲೆ ಆ ಮಾತು ಅವಳ ಬಾಯಿಂದ ಮೊದಲಿನಷ್ಟು ಸಲೀಸಾಗಿ ಹೊರಡುತ್ತಿರಲಿಲ್ಲ. ನಾಳೆ ಬನ್ನಿ ಎನ್ನಲು ನಾಳೆ ಅಂಗಡಿ ಇರಬೇಕಲ್ಲ?

ಬರುವುದು ದೊಡ್ಡ ರೈಲಲ್ಲ, ಬೀದಿಯ ನಡುವೆಯೇ ಮೆಲ್ಲಗೆ ಓಡುವ ಪುಟ್ಟ ರೈಲು. ಅದರ ನಿಲ್ದಾಣಕ್ಕೆಂದು ಮೂಲೆಯ ಅಂಗಡಿಸಾಲನ್ನು ಒಡೆಯಬೇಕಿತ್ತು. ರೈಲು ಬಂದ ಕಡೆ ಬಾಡಿಗೆ ಮುಗಿಲು ಮುಟ್ಟಿ ಹಳಬರು ಗಂಟುಮೂಟೆ ಕಟ್ಟುವುದು ಹೊಸದೇನಲ್ಲ. ಇಲ್ಲಿ ಹಾಗಾಗಬಾರದೆಂದು ಯೋಜನಾ ಕಚೇರಿಯವರು ನಿಲ್ದಾಣದ ಕೆಳಗೇ ಕೆಲವು ಮಳಿಗೆ ಕಟ್ಟಿ, ಹಳೆಯ ಬಾಡಿಗೆಗೇ ಹಳಬರಿಗೆ ಕೊಡಲು ತೀರ್ಮಾನಿಸಿದ್ದರು. ಎಲ್ಲರಿಗೂ ಅಲ್ಲಿ ಜಾಗ ಸಾಲದು. ಯಾರು ಉಳಿಯಬೇಕೆಂದು ಬೀದಿಯವರೇ ಹೇಳಬೇಕು. ಮಿಕ್ಕವರಿಗೆ ಊರಾಚೆ, ಹಳಿ ಮುಗಿಯುವಲ್ಲಿ ಅಂಗಡಿ.

ಬೀದಿಯವರ ಬಾಯಿ ಬಿಡಿಸಲು ಬಂದವಳು ಕಚೇರಿಯ ಒಬ್ಬ ಹುಡುಗಿ. ಕಂಕುಳಲ್ಲಿ ಸದಾ ಒಂದು ಸುರುಳಿ ಇರುತ್ತಿದ್ದುದರಿಂದ ಅವಳಿಗೆ ‘ನಕ್ಷೆ ಮೇಡಂ’ ಎಂಬ ಹೆಸರು ಬಿದ್ದಿತ್ತು. ಅಷ್ಟುದ್ದದ ನಕ್ಷೆಯನ್ನು ಹಾಸಲು ಇಡೀ ಬೀದಿಯಲ್ಲಿ ಇದ್ದದ್ದು ಒಂದೇ ಮೇಜು, ಟೈಲರಕ್ಕ ಬಟ್ಟೆ ಕತ್ತರಿಸುವ ಮೇಜು.

“ಹಾಸಿ ಮೇಡಂ, ಅದಕ್ಕೇನಂತೆ. ಅಳತೆ ಮಾತ್ರ ಕೇಳ್ಬೇಡಿ, ಸೊಂಟ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ,” ಎಂದಳು ಟೈಲರಕ್ಕ.

ನಕ್ಷೆ ಮೇಡಂ ನಕ್ಕು, ಸೇರಿದವರಿಗೆ ನಿಯಮ ಹೇಳಿದಳು. “ಒಬ್ಬೊಬ್ಬರಿಗೆ ಎರಡು ಗುಂಡಿ ಕೊಡ್ತೀವಿ. ಯಾವ ಅಂಗಡಿ ಇಲ್ಲದಿದ್ರೆ ನಿಮಗೆ ಕಷ್ಟವೋ ಅದರ ಮೇಲಿಡಿ. ನಿಮ್ಮ ಅಂಗಡಿ ಮೇಲೆ ನೀವೇ ಇಡೋ ಹಾಗಿಲ್ಲ, ಮನೆಯವರೂ ಇಡೋ ಹಾಗಿಲ್ಲ.”

ಗುಂಡಿಗಳು ಟೈಲರಕ್ಕನ ಡಬ್ಬಿಯವೇ. ಸುರುಳಿ ಸುತ್ತಿ ಸುತ್ತಿ ನಕ್ಷೆಯ ಒಂದು ಮೂಲೆ ಮಾತು ಕೇಳದೆ ಮೇಲೇಳುತ್ತಿತ್ತು. ಬಟ್ಟೆಯ ತುದಿ ಎದ್ದಾಗ ಮಾಡುವ ಹಾಗೆಯೇ ಟೈಲರಕ್ಕ ಯೋಚಿಸದೆ ತಣ್ಣಗಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಅದರ ಮೇಲಿಟ್ಟು, ಗುಂಡಿ ಹಂಚಲು ಹೋದಳು.

ಸಂಜೆಯ ತನಕ ಜನವೋ ಜನ. ಸಲೂನ್ ಮಾವ ಸೊಪ್ಪಿನಜ್ಜಿಗೆ ಇಟ್ಟ, ಸೊಪ್ಪಿನಜ್ಜಿ ಚಪ್ಪಲಿ ಹೊಲಿಯುವವನಿಗೆ ಇಟ್ಟಳು. ಟೈಲರಕ್ಕ ತನ್ನದೊಂದನ್ನು ಸಲೂನಿನ ಮೇಲೆ, ಇನ್ನೊಂದನ್ನು ಅಜ್ಜಿಯ ಸೊಪ್ಪಿನ ಅಂಗಡಿಯ ಮೇಲೆ ಇಟ್ಟಳು. ಡಬ್ಬಿ ಬರಿದಾಯಿತು.

“ಕಚೇರಿಗೆ ಒಯ್ಯೋವಾಗ ಉದುರಿಹೋಗತ್ತೆ. ಸ್ವಲ್ಪ ಹೊಲಿದುಕೊಡ್ತೀರಾ? ಬೆಳಿಗ್ಗೆ ಬಂದು ತಗೊಂಡು ಹೋಗ್ತೀನಿ,” ಎಂದು ಹೇಳಿ ನಕ್ಷೆ ಮೇಡಂ ಹೊರಟಳು. ಟೈಲರಕ್ಕ ಅವಳನ್ನು ಬಾಗಿಲ ತನಕ ಕಳಿಸಿ ಬರುವಷ್ಟರಲ್ಲಿ ಅತ್ತೆ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಕೊಂಡು ಒಳಗೆ ಹೋಗಿದ್ದರು. ಅಂಗಡಿಯ ಹಿಂದೆಯೇ ಮನೆ. ಸೊಸೆ ಹೊಲಿದದ್ದಕ್ಕೆ ಕಾಜಾ ಮಾಡುವುದು, ಇಸ್ತ್ರಿ ಹಾಕುವುದು ಅತ್ತೆಯ ಪಾಲು.

ಟೈಲರಕ್ಕ ಸೂಜಿಗೆ ದಾರ ಪೋಣಿಸಿ ಒಂದೊಂದೇ ಗುಂಡಿ ಹೊಲಿಯುತ್ತಾ ಹೋದಳು. ಹೊಲಿಯುತ್ತಾ ಹೊಲಿಯುತ್ತಾ ತನ್ನ ಅಂಗಡಿಯ ಹತ್ತಿರ ಬಂದಳು. ಅಲ್ಲಿ ಒಂದು ಗುಂಡಿಯೂ ಇರಲಿಲ್ಲ.

ಸಲೂನ್ ಮಾವನ ಹೊಟ್ಟೆ ಬೆಳೆದ ಹಾಗೆಲ್ಲ ಅವನ ಅಂಗಿಯ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟವಳು ಯಾರು? ಇಡೀ ಬೀದಿಯ ಮಾನ ಮುಚ್ಚಿದ್ದೇನೆ, ನನಗೊಂದು ಗುಂಡಿಗೆ ಗತಿಯಿಲ್ಲವೇ? ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಆದರೂ ಕೆಲಸ ಕೆಲಸವೇ. ಬೇರೆಯವರ ಗುಂಡಿಗಳನ್ನು ಒಂದೂ ಸಡಿಲಬಿಡದೆ ಹೊಲಿದು, ನಕ್ಷೆ ಸುತ್ತಿಟ್ಟಳು. ಅತ್ತೆ ಊಟಕ್ಕೆ ಕರೆದರೆ ಹಸಿವಿಲ್ಲ ಎಂದಳು.

ಬೆಳಿಗ್ಗೆ ಸಲೂನ್ ಮಾವ ರಿಪೇರಿಗೆ ಕೊಟ್ಟಿದ್ದ ಪ್ಯಾಂಟು ಕೇಳಲು ಬಂದ.

“ಆಗಿಲ್ಲ.”

“ನಾಳೆ ಬರ್ಲಾ?”

“ನಾಳೆ ಗೀಳೆ ಏನಿಲ್ಲ. ಬೇರೆ ಟೈಲರ್ ನೋಡ್ಕೊಳ್ಳಿ.”

ಸಲೂನ್ ಮಾವ ಅತ್ತೆಯ ಮುಖ ನೋಡಿದ. ಅತ್ತೆ ‘ನನ್ನನ್ನೇನು ಕೇಳ್ತೀಯಾ’ ಎಂಬಂತೆ ಕೈತಿರುವಿದರು. ಅಷ್ಟರಲ್ಲಿ ನಕ್ಷೆ ಮೇಡಂ ಬಂದಳು.

“ತಗೊಳ್ಳಿ ಮೇಡಂ, ಎಲ್ಲಾ ಗಟ್ಟಿಯಾಗಿ ಹೊಲ್ದಿದೀನಿ,” ಎಂದು ಟೈಲರಕ್ಕ ಸುರುಳಿಯನ್ನು ಮುಂದೆ ಚಾಚಿದಳು. “ನಮ್ಮ ಅಂಗಡಿ ಯಾರಿಗೂ ಬೇಡ್ವಂತೆ. ನಾವು ಊರಾಚೆ ಹೋಗ್ತೀವಿ ಬಿಡಿ.”

“ಅದ್ಹೇಗೆ?” ಎಂದು ನಕ್ಷೆ ಮೇಡಂ ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿದಳು. ಅದೇ ಮೂಲೆ ಮತ್ತೆ ಮೇಲೆದ್ದಿತು. ಟೈಲರಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಇನ್ನೊಂದು ಕೈಯಿಂದ, ಅತ್ತೆ ಮತ್ತೆ ತಂದಿಟ್ಟಿದ್ದ ಇಸ್ತ್ರಿ ಪೆಟ್ಟಿಗೆ ಎತ್ತಿ ಮೂಲೆಯ ಮೇಲೆ ಧಡ್ಡೆಂದು ಇಟ್ಟಳು.

ನಕ್ಷೆ ಮೇಡಂ ಬಗ್ಗಿ ಆ ಪೆಟ್ಟಿಗೆಯನ್ನೇ ನೋಡಿದಳು.

“ಅಕ್ಕಾ,” ಎಂದ ಸಲೂನ್ ಮಾವ, “ಈಗ ನಿಮ್ಮ ಅಂಗಡಿ ಎಲ್ಲಿದೆ ತೋರ್ಸಿ ನೋಡೋಣ.”

ಟೈಲರಕ್ಕ ನೋಡಿದಳು. ಅವಳ ಅಂಗಡಿ ಇಸ್ತ್ರಿ ಪೆಟ್ಟಿಗೆಯ ಕೆಳಗಿತ್ತು.

“ನಿನ್ನೆ ನಾನೂ ಹುಡುಕ್ದೆ, ಸಿಗ್ಲಿಲ್ಲ. ಹೋಗ್ಲಿ ಬಿಡು, ಅಕ್ಕನ ಅಂಗಡೀಲೇ ಕೂತು ಅಕ್ಕ ಬೇಕಾ ಬೇಡ್ವಾ ಅಂತ ಯಾರು ಕೇಳ್ತಾರೆ, ಅದು ಇದ್ದೇ ಇರತ್ತೆ ಅಂದ್ಕೊಂಡೆ,” ಎಂದ ಸಲೂನ್ ಮಾವ.

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಇದೇ ನೋಡಿ! ತಾನೇ ಮುಚ್ಚಿಟ್ಟು ತಾನೇ ಉಪವಾಸ ಮಲಗಿದ್ಳು!”

ನಕ್ಷೆ ಮೇಡಂ ನಗಲಿಲ್ಲ. “ತಪ್ಪು ನನ್ನದೂ ಇದೆ, ನಾನಾದ್ರೂ ನೋಡಬೇಕಿತ್ತು. ಈ ಅಂಗಡಿ ಮುಚ್ಚಿಹೋಗಿತ್ತಲ್ಲ, ಇದಕ್ಕೆ ಅಂತ ಒಬ್ಬೊಬ್ಬರು ಇನ್ನೊಂದು ಇಡಬಹುದು. ಆದ್ರೆ ಬಾಯಿಮಾತು ನಡೆಯಲ್ಲ, ಗುಂಡಿಯೇ ಬೇಕು. ಮಧ್ಯಾಹ್ನ ಕಚೇರಿಗೆ ಒಪ್ಪಿಸಬೇಕು.”

“ಡಬ್ಬೀಲಿ ಒಂದೂ ಉಳಿದಿಲ್ಲ,” ಎಂದಳು ಟೈಲರಕ್ಕ.

ಸಲೂನ್ ಮಾವ ತನ್ನ ಅಂಗಿಯ ನಡುವಿನ ಗುಂಡಿ ಹಿಡಿದು ಎಳೆದ. ಟೈಲರಕ್ಕನ ಹೊಲಿಗೆ, ಅಷ್ಟು ಸುಲಭಕ್ಕೆ ಬರಲಿಲ್ಲ. ಕೊನೆಗೆ ಹಲ್ಲಿನಿಂದ ದಾರ ಕಡಿದು, ಗುಂಡಿಯನ್ನು ನಕ್ಷೆಯ ಮೇಲಿಟ್ಟು ಬೀದಿಗೆ ಓಡಿದ. ಅವನ ಬಾಯಿಗೆ ಬಿದ್ದ ಸುದ್ದಿ ರೈಲಿಗಿಂತ ಬೇಗ ಓಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಚಪ್ಪಲಿ ಹೊಲಿಯುವವನು ತೋಳಿನ ಗುಂಡಿ ತಂದ. ಇನ್ನು ಕೆಲವರು ಕಾಲರಿನದು ತಂದರು. ಸೊಪ್ಪಿನಜ್ಜಿ ಎಲ್ಲರಿಗಿಂತ ತಡವಾಗಿ, ತೀರಿಹೋದ ಗಂಡನ ಕೋಟಿನಿಂದ ಬಿಚ್ಚಿದ ಹಿತ್ತಾಳೆ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಂದಳು.

“ಆ ಕೋಟು ನೀನೇ ಹೊಲ್ದಿದ್ದು ಕಣೇ ಮಗಳೇ,” ಎಂದಳು.

ಟೈಲರಕ್ಕನಿಗೆ ಅಳು ತಡೆಯಲಾಗಲಿಲ್ಲ, ತಡೆಯಲು ಹೋಗಲೂ ಇಲ್ಲ. ಮೂಗೊರೆಸಿಕೊಳ್ಳುತ್ತಲೇ ಎಲ್ಲವನ್ನೂ ಹೊಲಿದಳು. ಗುಂಡಿಗಳ ಭಾರಕ್ಕೆ ಆ ಮೂಲೆ ಮತ್ತೆ ಏಳಲಿಲ್ಲ. ನಕ್ಷೆ ಮೇಡಂ ಸುರುಳಿಯನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದುಕೊಂಡು ಹೊರಟಳು.

ಅಂಗಡಿಯ ಮುಂದೆ ಈಗ ಅಂಗಿಯನ್ನು ಕೈಯಲ್ಲಿ ಹಿಡಿದು ಮುಚ್ಚಿಕೊಂಡವರ ಸಾಲು. ಎಲ್ಲರಿಗಿಂತ ಮುಂದೆ, ತೆರೆದ ಹೊಟ್ಟೆಯ ಸಲೂನ್ ಮಾವ. ಟೈಲರಕ್ಕ ಅವನಿಗೊಂದು ಪಿನ್ನು ಚುಚ್ಚಿ, ಸಾಲಿನ ಕಡೆ ತಿರುಗಿದಳು.

“ಎಲ್ಲರೂ ನಾಳೆ ಬನ್ನಿ.”

ಆ ಮಾತಿಗೆ ಅಂದು ಒಬ್ಬರೂ ಬೈಯಲಿಲ್ಲ.