ಸಪ್ಪಳ ಮಾಡುವ ಮಶೀನು

ಹೊಸ ಮಶೀನು ಬಿಚ್ಚಿ ಹಳೆಯದಕ್ಕೆ ಜೀವ ತುಂಬಬೇಕು ಎಂದು ಸುವರ್ಣಾ ಹೇಳಿದಾಗ ಜುಲ್ಫಿಕರ ಕೈಯಲ್ಲಿದ್ದ ನಟ್ಟು ತಿರುವುವ ಪಾನಾ ಕೆಳಗಿಟ್ಟ.

"ವೈನಿ, ಇನ್ನೊಮ್ಮಿ ಹೇಳ್ರಿ. ಹಳೇದರ ಸಾಮಾನ ಹೊಸಾದಕ್ಕೋ, ಹೊಸಾದರ ಸಾಮಾನ ಹಳೇದಕ್ಕೋ?"

"ಹೊಸಾದರದು ಹಳೇದಕ್ಕ."

"ಎತ್ತು ಮಾರಿ ಬಾರಕೋಲ ಕೊಂಡಂಗ ಆತಲ್ರಿ!"

"ಆಗವಲ್ದ್ಯಾಕ. ನೀ ಬಿಚ್ಚು."

ಜುಲ್ಫಿಕರ ಬಾಗೇವಾಡಿಯವನು. ಬಟ್ಟೆ ತೊಳೆಯುವ ಮಶೀನು, ಮಿಕ್ಸರು, ಪಂಪು, ಯಾವುದು ಕೆಟ್ಟರೂ ಬೈಕಿನ ಹಿಂದೆ ಚೀಲ ಕಟ್ಟಿಕೊಂಡು ಇಂಗಳೇಶ್ವರದವರೆಗೂ ಬರುವವನು. ಅವನ ಮುಂದೆ ಪಡಸಾಲೆಯ ಹಿಂದಿನ ಕಟ್ಟಿಗೆ ಮನೆಯಲ್ಲಿ ಎರಡು ಮಶೀನು ನಿಂತಿದ್ದವು. ಒಂದು ಎಳ್ಳಮಾವಾಸ್ಯೆಗೆ ಸುವರ್ಣಾಳ ತಮ್ಮ ಕಾಂತು ಮುದ್ದೇಬಿಹಾಳದಿಂದ ಹೊರಿಸಿಕೊಂಡು ಬಂದದ್ದು. ತೆಳ್ಳಗೆ, ಬೆಳ್ಳಗೆ, ಮೈಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಇನ್ನೂ ಪೂರ್ತಿ ಸುಲಿದಿರಲಿಲ್ಲ. ಇನ್ನೊಂದು ಮಾವ ಗುರುಲಿಂಗಪ್ಪನವರು ಬದುಕಿದ್ದಾಗ ಬಿಜಾಪುರದಿಂದ ಟೆಂಪೋದಲ್ಲಿ ತಂದದ್ದು. ತಗಡಿನ ಮೈ, ಕೆರೆಯ ಪಾಚಿಯ ಬಣ್ಣ. ಓಣಿಗೆಲ್ಲ ಅದೇ ಮೊದಲನೆಯದಾದ್ದರಿಂದ ಹೆಂಗಸರು ಕಂಕುಳಲ್ಲಿ ಕೂಸು ಎತ್ತಿಕೊಂಡು ನೋಡಲು ಬಂದಿದ್ದರಂತೆ. ಆಗ ಮನೆಯ ಬೀಸುಕಲ್ಲು ಕಿತ್ತು ಹೊರಗಿಟ್ಟು, ಅದಿದ್ದ ಜಾಗಕ್ಕೆ ಒಂದು ಪರ್ಸಿ ಕಲ್ಲು ಹಾಸಿ, ಅದರ ಮೇಲೆ ಮಶೀನು ಕೂರಿಸಿದ್ದು ಅತ್ತೆ ಶಂಕ್ರೆವ್ವ. "ಬೀಸೂದಂತೂ ಗಿರಣಿ ಪಾಲಾತು. ಒಗಿಯೂದರ ಇಲ್ಲೇ ಆಗ್ಲಿ" ಅಂದಿದ್ದಳಂತೆ.

ಆ ಶಂಕ್ರೆವ್ವ ಈಗ ಬಾಗಿಲ ಬದಿಗೆ ಹೊರಸಿನ ಮೇಲೆ ಕೂತಿದ್ದಳು. ಲಕ್ವಾ ಹೊಡೆದ ಮೇಲೆ ಅವಳ ಮಾತು ನಿಂತಿತ್ತು. ಬಲಗೈ ಸ್ವಲ್ಪ ಬಂದಿತ್ತು, ಕಾಲೂ ಬಂದಿತ್ತು, ಮಾತು ಮಾತ್ರ ಬಂದಿರಲಿಲ್ಲ. ನೀರು ಬೇಕಾದರೆ ತಂಬಿಗೆಯತ್ತ ನೋಡುವಳು. ಸಿಟ್ಟು ಬಂದರೆ ಗೋಡೆಯತ್ತ ತಿರುಗಿ ಮಲಗುವಳು. ಹರೆಯದಲ್ಲಿ ಓಣಿಯ ಜಗಳಗಳಿಗೆಲ್ಲ ತೀರ್ಪು ಹೇಳುತ್ತಿದ್ದ ಬಾಯಿ ಅದು.

ಮಾತು ಹೋದರೂ ಹಾಡು ಹೋಗಿಲ್ಲ ಎಂಬುದು ಸುವರ್ಣಾಳಿಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಮಶೀನು ಹಚ್ಚಿ ಹಿತ್ತಲಲ್ಲಿ ಮೆಣಸಿನಕಾಯಿ ತಿರುವುತ್ತಿದ್ದಳು. ಒಳಗೆ ಯಾರೋ ಹಾಡಿದ ಹಾಗಾಯಿತು. ದೂರದ ಹೊಲದಿಂದ ಗಾಳಿ ಹೊತ್ತು ತಂದಂತೆ, ಸಣ್ಣಗೆ, ಎಳೆ ಎಳೆಯಾಗಿ. ಬಂದು ನೋಡಿದರೆ ಅತ್ತೆ. ಕಣ್ಣು ಮುಚ್ಚಿದೆ, ಸೂರಿನ ಬೆಳಕಿಂಡಿಯಿಂದ ಇಳಿದ ಬಿಸಿಲು ಮಡಿಲಲ್ಲಿದೆ, ತುಟಿ ಆಡುತ್ತಿದೆ:

*ಬಿಳಿಜ್ವಾಳ ಬೀಸೇನ, ಬೆಳದಿಂಗಳ ಬೀಸೇನ*
*ತಮ್ಮ ಬರು ಹಾದಿ ಬೆಳಗ್ಯಾವ | ತವರೂರ*
*ಬೇವಿನ ನೆರಳ ಸರದಾವ*

ಮಶೀನು ನಿಂತಿತು, ಹಾಡೂ ನಿಂತಿತು. ಸುವರ್ಣಾ ಎಷ್ಟು ಕರೆದರೂ ಅತ್ತೆ ಅವಳ ಮುಖ ನೋಡಿದಳೇ ಹೊರತು ಒಂದು ಅಕ್ಷರ ಹೊರಡಲಿಲ್ಲ. ಅಂದಿನಿಂದ ಬಟ್ಟೆ ಒಗೆಯುವ ದಿನವೆಂದರೆ ಸುವರ್ಣಾಳಿಗೆ ಹಬ್ಬ. ಕೊಳೆಯಾಗದ ಬಟ್ಟೆಯನ್ನೂ ಹಾಕುತ್ತಿದ್ದಳು. ಗಂಡ ಶ್ರೀಶೈಲ ತನ್ನ ಅಂಗಿಯ ಕಾಲರು ಸವೆದದ್ದು ನೋಡಿ, "ಇವನ್ನೇನ ಒಗಿತೀಯೋ, ಅರೀತೀಯೋ?" ಎಂದು ಕೇಳಿದ್ದ.

ಆಮೇಲೆ ಮೋಟರು ಸುಟ್ಟಿತು. ಹೊಗೆ ಬಂತು, ವಾಸನೆ ಬಂತು, ಮಶೀನು ಸತ್ತಿತು. ಅಂಥ ಸಾಮಾನು ಈಗ ಬರುವುದೇ ಇಲ್ಲವೆಂದು ಊರೂರಿನ ಅಂಗಡಿಯವರು ಹೇಳಿದರು. ಸುದ್ದಿ ಕೇಳಿ ಕಾಂತು ಹೊಸದನ್ನು ತಂದ. ಸುವರ್ಣಾ ಆಸೆಯಿಂದ ಅತ್ತೆಯನ್ನು ಅದರ ಪಕ್ಕ ಕೂರಿಸಿದಳು. ಅದು ಬೆಕ್ಕು ಮಲಗಿದಂತೆ ಗುರ್ ಎಂದು ತಿರುಗಿ, ತೊಳೆದು, ಸುಮ್ಮನಾಯಿತು. ಶಂಕ್ರೆವ್ವ ಅದನ್ನು ನೋಡಿದಳು. ಮರುವಾರವೂ ನೋಡಿದಳು. ಮೂರನೆಯ ಸಲ ಗೋಡೆಯತ್ತ ತಿರುಗಿ ಮಲಗಿದಳು. ಆಮೇಲೆ ಉಣ್ಣಲು ಎಬ್ಬಿಸುವುದೂ ಕಷ್ಟವಾಯಿತು. ರೊಟ್ಟಿ ಮುರಿದು ಬಾಯಿಗಿಟ್ಟರೆ ಅದು ಅಲ್ಲೇ ಇರುತ್ತಿತ್ತು. ಅತ್ತೆ ಒಳಗೊಳಗೇ ಬಾಗಿಲು ಹಾಕಿಕೊಳ್ಳುತ್ತಿದ್ದಾಳೆ, ಒಂದು ದಿನ ಚಿಲಕವೂ ಬೀಳುತ್ತದೆ ಎಂದು ಸುವರ್ಣಾಳಿಗೆ ಹೆದರಿಕೆ ಹುಟ್ಟಿತು. ಶ್ರೀಶೈಲ ಲಿಂಬಿ ಹೇರಿಕೊಂಡು ಇಂಡಿ ಪಟ್ಟಣದ ಬಾಜಾರಕ್ಕೆ ಹೋದ ಈ ದಿನವೇ ಅವಳು ಜುಲ್ಫಿಕರನನ್ನು ಕರೆಸಿದ್ದು ಅದಕ್ಕೆ.

ಬಿಚ್ಚುವ ಕೆಲಸ ಮುಂಜಾನೆಯೇ ಶುರುವಾಯಿತು. ಜುಲ್ಫಿಕರ ಕೌದಿಯೊಂದನ್ನು ಹಾಸಿ, ಹೊಸ ಮಶೀನಿನ ಒಡಲಿಂದ ಒಂದೊಂದೇ ತೆಗೆದು ಸಾಲಾಗಿ ಇಟ್ಟ. ಮೋಟರು, ಬೆಲ್ಟು, ಪೈಪು, ಬಣ್ಣ ಬಣ್ಣದ ವಾಯರು. ಅಷ್ಟರಲ್ಲೇ ಕಾಂತುವಿನ ಫೋನು ಬಂತು.

"ಅಕ್ಕಾ, ಮಶೀನ ಹೆಂಗ ನಡದೈತಿ?"

ಸುವರ್ಣಾ ಕೌದಿಯ ಮೇಲೆ ಹರಡಿದ ಸಾಮಾನು ನೋಡಿದಳು. "ಇಲ್ಲೇ ಐತೆಪಾ. ಮಲಗೇತಿ."

"ಮಲಗೇತಿ ಅಂದ್ರ?"

"ಆರಾಮ ಐತಿ ಅಂದ್ನಿ. ಇಡು, ಹಾಲ ಉಕ್ಕತಾವ."

ಜುಲ್ಫಿಕರ ತಲೆ ಎತ್ತದೆ ನಕ್ಕ. "ಒಲಿ ಹಚ್ಚೇ ಇಲ್ರಿ ವೈನಿ, ಹಾಲ ಎಲ್ಲಿಂದ ಉಕ್ಕತಾವ?"

"ನೀ ನಿನ್ನ ಕೆಲಸ ನೋಡೋ."

ಹೊಸ ಮೋಟರಿನ ತೂತು ಹಳೆಯ ಮೈಗೆ ಹೊಂದಲಿಲ್ಲ. ಅವನು ಕಬ್ಬಿಣದ ಪಟ್ಟಿ ಬಗ್ಗಿಸಿ ಅದಕ್ಕೊಂದು ತೊಟ್ಟಿಲು ಮಾಡಿದ. ಬೆಲ್ಟು ಸುತ್ತುವ ಹೊಸ ಗಾಲಿ ಸಣ್ಣದು, ಅದರಿಂದ ತಿರುಗಿದರೆ ಹಳೆಯ ಮಶೀನಿನ ನಡೆ ಬದಲಾಗುತ್ತದೆ ಎಂದು ಹಳೆಯ ಗಾಲಿಯನ್ನೇ ಹಾಕಬೇಕೆಂದ. ಅದರ ತೂತು ದೊಡ್ಡದು ಮಾಡಿಸಲು ಬಾಗೇವಾಡಿಯ ಲೇಥು ಅಂಗಡಿಗೆ ಹೋಗಿ ಬಂದ. ಸುವರ್ಣಾ ಹತ್ತಿರವೇ ಕೂತು ಕೇಳಿದ್ದು ಕೊಟ್ಟಳು, ಹಿಡಿ ಎಂದದ್ದು ಹಿಡಿದಳು. ಹೊರಗೆ ತೊಗರಿ ಒಕ್ಕುವ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು. ಒಳಗೆ ಎಲ್ಲವೂ ನೀರಿನ ಅಡಿಯಲ್ಲಿ ನಡೆಯುತ್ತಿರುವಂತೆ ನಿಧಾನವಾಗಿತ್ತು. ಹೊರಸಿನ ಮೇಲಿನ ಅತ್ತೆ ಎಚ್ಚರವೋ ನಿದ್ದೆಯೋ ಗೊತ್ತಾಗದಂತೆ ಅವರಿಬ್ಬರ ಕೈಗಳನ್ನೇ ನೋಡುತ್ತಿದ್ದಳು.

ಇಳಿಹೊತ್ತಿಗೆ ಕೆಲಸ ಮುಗಿಯಿತು. ಜುಲ್ಫಿಕರ ತೊಟ್ಟಿಗೆ ನೀರು ಸುರಿದು, ಸೋಪಿನ ಪುಡಿ ಹಾಕಿ, ಎರಡು ಸೀರೆ ಬಿಟ್ಟು ಗುಂಡಿ ತಿರುಗಿಸಿದ. ಹಸಿರು ಮಶೀನು ಒಮ್ಮೆ ಮೈ ಕೊಡವಿ ತಿರುಗತೊಡಗಿತು. ನೊರೆ ಎದ್ದಿತು.

"ಅಬಬಾ!" ಎಂದು ಅವನು ಸೊಂಟಕ್ಕೆ ಕೈ ಕೊಟ್ಟ. "ನೋಡ್ರಿ. ಸಪ್ಪಳಾನ ಇಲ್ಲ. ಹಿಂದಕ ಇದು ಒದರೂದು ಕೇಳಿ ಓಣಿ ನಾಯಿ ಎದ್ದು ಹೋಗ್ತಿದ್ವು. ಹೊಸಾದರ ರಬ್ಬರ ಕಾಲ ಇದಕ್ಕ ಹಾಕೇನಿ. ಕೆಳಗಿನ ಪರ್ಸಿನೂ ಅಲುಗಾಡತಿತ್ತು. ಕಲ್ಲ ಚೂರ ಕೊಟ್ಟು ಗಟ್ಟಿ ಕೂಡಿಸೇನಿ. ಎಲ್ಲಾ ನೀವ ಹೇಳದ ನಾನ ಮಾಡೇನಿ!"

ಸುವರ್ಣಾ ಅತ್ತೆಯತ್ತ ತಿರುಗಿದಳು. ಶಂಕ್ರೆವ್ವ ಹೊರಸಿನಿಂದ ಇಳಿದಿದ್ದಳು. ಗೋಡೆ ಹಿಡಿದು, ಕಾಲೆಳೆದು, ಮಶೀನಿನ ಹತ್ತಿರ ಬಂದು ನೆಲಕ್ಕೆ ಕೂತಿದ್ದಳು. ತುಟಿ ತೆರೆದಿದ್ದವು. ಏನೂ ಹೊರಡಲಿಲ್ಲ. ಮಶೀನು ಎಣ್ಣೆ ಹಚ್ಚಿದಂತೆ ತಿರುಗುತ್ತಿತ್ತು. ಅವಳು ಎಡ ಅಂಗೈಯನ್ನು ಪರ್ಸಿ ಕಲ್ಲಿನ ಮೇಲೆ ಇಟ್ಟಳು. ತೆಗೆದು ಬೇರೆ ಕಡೆ ಇಟ್ಟಳು. ಕತ್ತಲಲ್ಲಿ ಬಿದ್ದ ಬಳೆ ಹುಡುಕುವವಳಂತೆ ಕಲ್ಲನ್ನೆಲ್ಲ ತಡವಿದಳು. ಆಮೇಲೆ ಕೈ ಮಡಿಲಿಗೆ ಎಳೆದುಕೊಂಡಳು. ಮುಖ ಮೆಲ್ಲಗೆ ಗೋಡೆಯತ್ತ ತಿರುಗತೊಡಗಿತು.

ಸುವರ್ಣಾಳೂ ಬಗ್ಗಿ ಅದೇ ಕಲ್ಲಿನ ಮೇಲೆ ಕೈಯಿಟ್ಟಳು. ಕಲ್ಲು ಕಲ್ಲಿನಂತೆಯೇ ಇತ್ತು. ಮೊದಲು ಹಾಗಿರಲಿಲ್ಲ. ಮಶೀನು ಹಚ್ಚಿದಾಗ ಇಲ್ಲಿ ಬರಿಗಾಲಲ್ಲಿ ನಿಂತರೆ ಅಂಗಾಲಿನಿಂದ ಗಡಗಡ ಏರಿ ಮೊಳಕಾಲಿಗೆ ಬರುತ್ತಿತ್ತು. ನಡುವೆ ಟಕ್ ಎಂದು ಕಲ್ಲು ಒಮ್ಮೆ ಎದ್ದು ಕೂರುತ್ತಿತ್ತು. ಬೀಸುವಾಗ ಗೂಟ ಒಂದು ಸುತ್ತು ಮುಗಿಸಿ ಎದೆಯ ಹತ್ತಿರ ಬರುತ್ತದಲ್ಲ, ಹಾಗೆ.

"ಜುಲ್ಫಿಕರ, ಬಂದ್ ಮಾಡು. ರಬ್ಬರ ಕಾಲ ತೆಗಿ."

"ಏನ್ರಿ?"

"ಕಲ್ಲ ಚೂರನೂ ತೆಗಿ. ಮೊದಲ ಹೆಂಗ ಅಲುಗಾಡತಿತ್ತೋ ಹಂಗ ಮಾಡು."

"ವೈನಿ, ಸಪ್ಪಳ ಮಾಡವಲ್ದು ಅಂತ ಬೈಯೋರನ್ನ ನಾ ಇವತ್ತ ನೋಡಿದ್ನಿ. ಮಂದಿ ಕೇಳಿದ್ರ ಜುಲ್ಫಿಕರ ರಿಪೇರಿ ಮಾಡಿ ಕೆಡಿಸಿದ ಅಂತಾರ."

"ಅನ್ಲಿ. ನಮ್ಮ ಅತ್ತಿ ಅನ್ನೂದು ನನಗ ಬೇಕಾಗೇತಿ."

ಅವನು ಮುದುಕಿಯ ಮುಖ ನೋಡಿದ. ಮಶೀನು ವಾಲಿಸಿ ಹಿಡಿ ಎಂದು ಸುವರ್ಣಾಳಿಗೆ ಕೊಟ್ಟು, ರಬ್ಬರು ಎಳೆದು ತೆಗೆದ. ಉಳಿಯಿಂದ ಕಲ್ಲ ಚೂರುಗಳನ್ನು ಒಂದೊಂದಾಗಿ ಎಬ್ಬಿಸಿದ. ಕೊನೆಯದು ಹೊರಬಿದ್ದಾಗ ಪರ್ಸಿ ಕಲ್ಲು ಸಡಿಲಾಗಿ ಒಮ್ಮೆ ಉಸಿರು ಬಿಟ್ಟಂತಾಯಿತು.

ಗುಂಡಿ ತಿರುಗಿತು. ಗಡಗಡ, ಗಡಗಡ, ಟಕ್. ಗಡಗಡ, ಗಡಗಡ, ಟಕ್. ಗೂಡಿನಲ್ಲಿದ್ದ ಪಾತ್ರೆ ಸಣ್ಣಗೆ ನಡುಗಿದವು. ನೊರೆಯ ಗುಳ್ಳೆಯೊಂದು ಬಿಸಿಲಕೋಲಿನಲ್ಲಿ ಏರಿ, ಬಣ್ಣ ಬಣ್ಣವಾಗಿ ತಿರುಗಿ, ತೊಲೆಗೆ ತಾಗುವ ಮೊದಲೇ ಇಲ್ಲವಾಯಿತು. ಶಂಕ್ರೆವ್ವಳ ಅಂಗೈ ಕಲ್ಲಿನ ಮೇಲಿತ್ತು. ಕಣ್ಣು ಮುಚ್ಚಿದವು. ಮೊದಲು ಬರೀ ಗಾಳಿ ಬಂತು, ಆಮೇಲೆ ದನಿ, ಆಮೇಲೆ ಬಿಳಿಜೋಳ, ಬೆಳದಿಂಗಳು, ಬೇವಿನ ನೆರಳು. ತವರಿನ ಹಾದಿಯೆಲ್ಲ ಹಿಟ್ಟು ಚೆಲ್ಲಿದಂತೆ ಬೆಳ್ಳಗಾಗುತ್ತ ಬಂತು. ಜುಲ್ಫಿಕರ ಕೂತಲ್ಲೇ ಕೂತ. "ನಮ್ಮವ್ವನೂ ಹಿಂಗ ಹಾಡತಿದ್ಳು" ಎಂದು ತನಗೇ ಹೇಳಿಕೊಂಡ.

ಆಗ ಕರೆಂಟು ಹೋಯಿತು.

ಮಶೀನು ಎರಡು ಸುತ್ತು ತೂಗಿ ನಿಂತಿತು. ಹಾಡೂ ನಿಂತಿತು. ತೊಟ್ಟಿಯೊಳಗೆ ನೊರೆ ಚುಳುಚುಳು ಒಡೆಯುವುದು ಕೇಳುತ್ತಿತ್ತು. ಇನ್ನು ಅತ್ತೆ ಕಣ್ಣು ತೆರೆಯುತ್ತಾಳೆ, ಮುಖ ನೋಡುತ್ತಾಳೆ, ಅಷ್ಟೇ ಅಂದುಕೊಂಡಳು ಸುವರ್ಣಾ.

ಶಂಕ್ರೆವ್ವ ಕಣ್ಣು ತೆರೆದಳು. ಜುಲ್ಫಿಕರನ ಒಣಗಿದ ಮುಖ ನೋಡಿದಳು. ಬಾಗಿಲಾಚೆ ತಣ್ಣಗಿದ್ದ ಒಲೆ ನೋಡಿದಳು. ಸೊಸೆಯನ್ನು ನೋಡಿದಳು. ಕಲ್ಲಿನ ಮೇಲಿದ್ದ ಅಂಗೈ ಮೆಲ್ಲಗೆ ಸುತ್ತತೊಡಗಿತು, ಒಂದು ಸುತ್ತು, ಎರಡು ಸುತ್ತು. ಅದೇ ಧಾಟಿಯಲ್ಲಿ, ಯಾವ ಊರಿನ ಯಾವ ಬೀಸುಕಲ್ಲೂ ಕೇಳದ ಹಾಡು ಹೊರಟಿತು:

*ಮುಂಜಾನಿ ಬಂದಾನ, ಮಿಸ್ತ್ರಿ ಕುಂತಾನ*
*ಬಾಯಿ ಒಣಗೇತಿ ನೋಡವ್ವ | ಸುವರ್ಣಿ*
*ಚಾದ ನೀರ ಇಡವ್ವ*

ಜುಲ್ಫಿಕರ ಬಾಯಿ ತೆರೆದುಕೊಂಡು ಕೂತ. "ಆಯಿ ನನಗ... ವೈನಿ, ಇದು ಹಾಡೇನ್ರಿ, ಮಾತೇನ್ರಿ?"

ಸುವರ್ಣಾಳಿಗೆ ನಗುವೋ ಅಳುವೋ ತಿಳಿಯಲಿಲ್ಲ. ಎಷ್ಟು ದಿನದ ಮೇಲೆ ತನ್ನ ಹೆಸರು ಆ ಬಾಯಲ್ಲಿ ಬಂದಿತ್ತು, ಅದೂ ಗದರಿಕೆಯ ಜೊತೆ. "ಹಾಲಿಲ್ಲ ಅತ್ತಿ" ಎಂದಳು. ಅತ್ತೆಯ ಕೈ ನಿಂತಿತು. ಹುಬ್ಬು ಗಂಟಾದವು. ಹಾಗಲ್ಲ ಎಂಬಂತೆ ತಲೆಯಾಡಿಸಿ, ಕಲ್ಲಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದಳು.

ಸುವರ್ಣಾ ಎಂದೂ ಹಾಡಿದವಳಲ್ಲ. ಅತ್ತೆಯ ಎದುರಿಗೆ ಕಾಲು ನೀಡಿ ಕೂತಳು. ಆ ಸುಕ್ಕಾದ ಕೈಯ ಮೇಲೆ ತನ್ನ ಕೈಯಿಟ್ಟಳು. ಕೈಗಳೆರಡೂ ತಿರುಗತೊಡಗಿದವು.

"ಹಾಲ ತೀರ್ಯಾವ ಅತ್ತೆವ್ವ, ಎಮ್ಮಿ ಹೊಲದಾಗ..." ಎಂದು ಒಡಕು ದನಿಯಲ್ಲಿ ಶುರುಮಾಡಿ, ಮುಂದಿನ ಸಾಲು ಸಿಗದೆ ತಡವರಿಸಿದಳು.

"ಕರೇ ಚಾನ ನಡೀತೈತ್ರಿ!" ಎಂದ ಜುಲ್ಫಿಕರ.

ಶಂಕ್ರೆವ್ವ ಅವನ ಕಡೆ ನೋಡಲೇ ಇಲ್ಲ. ಕೈ ನಿಲ್ಲಿಸದೆ, ಸೊಸೆಯ ಬಾಯನ್ನೇ ನೋಡುತ್ತ, ಉಳಿದ ಸಾಲಿಗೆ ಕಾಯುತ್ತಿದ್ದಳು.