ಹುಲಿಗೇಶ ಹೊಲಿದ ತಾಡಪತ್ರಿ

ರಾಣೆಬೆನ್ನೂರಿನಲ್ಲಿ ತಾಡಪತ್ರಿ ಹೊಲಿದು ಮಾರುತ್ತಿದ್ದ ಹುಲಿಗೇಶ, ಭಾನುವಾರ ಮಾತ್ರ ಕುಪ್ಪೇಲೂರಿನ ಪ್ರಾರ್ಥನಾ ಮಂದಿರದ ಪಾಸ್ಟರ್. ಸೇವೆಗೆಂದು ಹುಬ್ಬಳ್ಳಿಯ ಮಿಷನ್ನಿನಿಂದ ಬರುತ್ತಿದ್ದ ಸಂಬಳ 2004ರಲ್ಲಿ ನಿಂತಾಗ ಮಂದಿರದ ಸಭೆಗೆ ಸೇರಿದ ಇಪ್ಪತ್ತು ಮನೆಯವರು ಕೈಲಾದಷ್ಟು ಹಾಕಿ ಅವನ ಸಂಸಾರ ನಡೆಸಲು ಮುಂದಾಗಿದ್ದರು. ಹುಲಿಗೇಶ ಒಪ್ಪಲಿಲ್ಲ. ಕೂಲಿ ಮಾಡುವವರ ಕೈಯಿಂದ ಇಸಿದುಕೊಳ್ಳುವುದು ಅವನಿಗೆ ಬೇಡವಾಗಿತ್ತು. ಬೈಬಲಿನ ಪೌಲನೇ ಗುಡಾರ ಹೊಲಿದು ಹೊಟ್ಟೆ ಹೊರೆದುಕೊಂಡು ಯೇಸುವಿನ ಸುವಾರ್ತೆ ಸಾರಿದ, ನಾನು ತಾಡಪತ್ರಿ ಹೊಲಿದರೇನು ಎಂದು ಮಷೀನು ತಂದು ಕೂತ. ಆ ಮಾತನ್ನು ಸಭೆಯಲ್ಲಿ ಆಗಾಗ ಹೇಳುತ್ತಿದ್ದ. ಹೇಳುವಾಗ ಎದೆ ಸ್ವಲ್ಪ ಉಬ್ಬುತ್ತಿತ್ತು.

ವ್ಯಾಪಾರ ಕುದುರಿ ಎರಡನೆಯ ಮಷೀನೂ ಬಂತು. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಒಯ್ಯುವ ರೈತರಿಗೆಲ್ಲ ಕಣದಲ್ಲಿ ರಾಶಿಯ ಮೇಲೆ ಹೊದಿಸಲು ತಾಡಪತ್ರಿ ಬೇಕು. ಪ್ರಾರ್ಥನೆ ಮಾಡುವ ಮನುಷ್ಯ, ಸುಳ್ಳು ಹೇಳುವುದಿಲ್ಲ ಎಂಬ ಮಾತು ಹಳ್ಳಿಯಿಂದ ಹಳ್ಳಿಗೆ ಹಬ್ಬಿತ್ತು. ಅವನ ಅಂಗಡಿಯಲ್ಲಿ ಯಾರೂ ತಾಡಪತ್ರಿಯ ಹಾಳೆಯನ್ನು ಜಗ್ಗಿ ನೋಡುತ್ತಿರಲಿಲ್ಲ.

2007ರ ದೀಪಾವಳಿ ಕಳೆದ ಮೇಲೆ ಮಂದಿರದ ಒಡೆದ ಹಂಚು ತೆಗೆದು ತಗಡು ಹಾಕಿಸುವ ಮಾತು ಬಂತು. ಅದನ್ನೂ ನನ್ನ ದುಡಿಮೆಯಲ್ಲೇ ಹಾಕಿಸುತ್ತೇನೆ ಎಂದು ಹುಲಿಗೇಶ ಎಲ್ಲರ ಮುಂದೆ ಹೇಳಿಬಿಟ್ಟ. ಅದೇ ತಿಂಗಳು ಊರೂರು ತಿರುಗುವ ವ್ಯಾಪಾರಿಯೊಬ್ಬನಿಂದ ಅರ್ಧ ಬೆಲೆಗೆ ನೀಲಿ ಪ್ಲಾಸ್ಟಿಕ್ ಹಾಳೆ ಸಿಕ್ಕಿತು. ನೋಡಲು ದಪ್ಪ, ಮಿರಿಮಿರಿ ಹೊಳಪು. ಅನುಮಾನ ಬಂದು ಹಿತ್ತಲಲ್ಲಿ ಒಂದನ್ನು ನಾಲ್ಕು ಮೂಲೆಗೆ ಕಟ್ಟಿ ಕೊಡ ನೀರು ಸುರಿದ. ಊಟ ಮುಗಿಸಿ ಬಂದು ನೋಡಿದರೆ ಕೆಳಗಿನ ನೆಲ ಒದ್ದೆಯಾಗಿತ್ತು.

“ಇವನ್ನ ಮಾರಬ್ಯಾಡ್ರಿ,” ಎಂದಳು ಹೆಂಡತಿ ಭುವನಾ.

“ಚಳಿಗಾಲದಾಗ ಯಾವ ಮಳಿ ಬರತೈತಿ? ಇಬ್ಬನಿಗೆ ಸಾಕಾಗತೈತಿ.”

“ಹಂಗಾದ್ರ ಇಬ್ಬನಿಗಷ್ಟ ಅಂತ ಹೇಳಿ ಮಾರ್ರಿ.”

“ನಾ ಏನ್ ನನ್ನ ಹೊಟ್ಟಿ ಸಲುವಾಗಿ ಮಾಡಾಕತ್ತೇನಿ? ದೇವರ ಮನಿಗೆ ತಗಡ ಹಾಕಸಬೇಕಲ್ಲ.”

ಭುವನಾ ಎದ್ದು ಒಳಗೆ ಹೋದಳು. ಅವಳು ವಾದ ಬಿಟ್ಟದ್ದೇ ತನ್ನ ಮಾತು ಸರಿಯೆಂಬುದಕ್ಕೆ ಸಾಕು ಎಂದುಕೊಂಡ ಹುಲಿಗೇಶ.

ಅಂಥ ನಲವತ್ತು ತಾಡಪತ್ರಿ ಮಾರಿಹೋದವು. ಒಂದನ್ನು ಒಯ್ದವಳು ಕುಪ್ಪೇಲೂರಿನ ಫಕ್ಕೀರವ್ವ. ಅವಳು ಸಭೆಯವಳಲ್ಲ, ಮೂರೆಕರೆ ಹೊಲವನ್ನು ಸೊಸೆಯ ಜೊತೆ ತಾನೇ ನಿಂತು ಮಾಡಿಸುವ ಗಟ್ಟಿ ಹೆಂಗಸು.

“ಮಳಿ ತಡಿತೈತಲ್ರಿ?” ಎಂದು ಕೇಳಿದ್ದಳು.

“ತಡಿತೈತವ್ವಾ,” ಎಂದಿದ್ದ ಹುಲಿಗೇಶ, ಮಷೀನಿನಿಂದ ತಲೆ ಎತ್ತದೆ.

ಮಂದಿರಕ್ಕೆ ತಗಡು ಬಿತ್ತು. ಶಿವರಾತ್ರಿ ಕಳೆದು ಎರಡು ವಾರಕ್ಕೆ ಯಾರೂ ಎಣಿಸದ ಮಳೆ ಹಿಡಿದು, ಮೂರು ದಿನ ಬಿಡದೆ ಹೊಡೆಯಿತು. ಮೂರನೆಯ ದಿನ ಈಸ್ಟರ್ ಭಾನುವಾರ. ತಗಡಿನ ಸದ್ದಿಗೆ ಹಾಡು ಕೇಳದಂತಾದರೂ ಒಳಗೆ ಒಂದು ಹನಿ ಬೀಳಲಿಲ್ಲ. ಸಭೆಯವರು ಮೇಲೆ ನೋಡಿ ಸ್ತೋತ್ರ ಹೇಳಿದರು. ಹುಲಿಗೇಶ ಮಾತ್ರ ಕಿಟಕಿಯಾಚೆ ನೋಡುತ್ತಿದ್ದ. ಎದುರಿನ ಕಣದಲ್ಲಿ ಫಕ್ಕೀರವ್ವ ಮತ್ತು ಸೊಸೆ ನೀಲಿ ಹಾಳೆಯ ಮೇಲೆ ಗೋಣಿಚೀಲ, ಕಂಬಳಿ, ಕೈಗೆ ಸಿಕ್ಕಿದ್ದನ್ನೆಲ್ಲ ಹೊದಿಸುತ್ತ ಓಡಾಡುತ್ತಿದ್ದರು. ಅವನು ಅವತ್ತಿನ ಉಪದೇಶವನ್ನು ಹತ್ತು ನಿಮಿಷಕ್ಕೇ ಮುಗಿಸಿದ.

ಕಣಕ್ಕೆ ಹೋದಾಗ ಫಕ್ಕೀರವ್ವ ರಾಶಿಯ ಅಂಚಿನಲ್ಲಿ ಕೂತಿದ್ದಳು. ನೆನೆದ ಕಾಯಿಯ ಬಣ್ಣಕ್ಕೆ ಅವಳ ಅಂಗೈ ಕೆಂಪಾಗಿತ್ತು.

“ನೀವ್ಯಾಕ ನೆನಕೋಂತ ಬಂದ್ರಿ ಪಾಸ್ಟರ್ರ? ತಪ್ಪ ನಂದ. ಬಿಗಿಯಾಗಿ ಕಟ್ಟಲಿಲ್ಲ ನಾನು. ಎಲ್ಲೋ ಸಂದಿಲೆ ನೀರ ಹೊಕ್ಕಾವ.”

“ಆ ಹಾಳೀನ ಖೋಟಾ ಐತಿ ಬೇ ಯವ್ವಾ,” ಎಂದ ಪಕ್ಕದ ಹೊಲದ ಮೈಲಪ್ಪ.

“ಸುಮ್ನಿರಪಾ ನೀ. ಅವರು ಮೋಸ ಮಾಡೋ ಮಂದಿ ಅಲ್ಲ.”

ಹುಲಿಗೇಶ ಹೇಳಬೇಕಾಗಿದ್ದ ಮಾತು ಒಂದು. ಹೊರಗೆ ಬಿದ್ದದ್ದು ಬೇರೆ. “ನಿಮ್ಮ ಸಲುವಾಗಿ ಪ್ರಾರ್ಥನಾ ಮಾಡ್ತೇನವ್ವಾ,” ಎಂದ. ಆಡಿದ ಕೂಡಲೇ ತನ್ನ ಮೇಲೇ ಹೇಸಿಕೆ ಬಂತು. ಹಾಗೇ ತಿರುಗಿ ಬಂದ.

ಎರಡು ದಿನ ಕಳೆದು ಮೂರನೆಯ ದಿನ ಮನೆಯಲ್ಲಿ ಭುವನಾಳೆದುರು ಕೂತು, ತಪ್ಪಾಯಿತು ಎಂದ.

“ನನಗ್ಯಾಕ ಹೇಳ್ತೀರಿ? ನನಗ ಮೊದಲ ಗೊತ್ತೈತಿ,” ಎಂದಳು ಅವಳು, ದನಿ ಏರಿಸದೆ.

ಗುರುವಾರ ಬ್ಯಾಡಗಿಯ ಪೇಟೆ. ಹುಲಿಗೇಶ ಮೊದಲ ಬಸ್ಸಿಗೇ ಹೋಗಿ ದಲಾಲಿ ಅಬ್ದುಲರಜಾಕನ ಅಂಗಡಿಯಲ್ಲಿ ಫಕ್ಕೀರವ್ವನನ್ನು ಕಂಡ. ಅಬ್ದುಲರಜಾಕ ಅವಳ ಚೀಲದಿಂದ ಒಂದು ಕಾಯಿ ಮುರಿದು ಮೂಸಿ, ಒಳಗಿನ ಬಿಳಿ ಬೂಷ್ಟನ್ನು ತೋರಿಸುತ್ತಿದ್ದ.

“ಹೆಂಗ ಮುಚ್ಚಿದ್ರಿ ಅವ್ವಾರ ಇದನ್ನ?”

“ನನ್ನ ಕಡೆ ತಪ್ಪಾತು…” ಎಂದು ಅವಳು ಶುರು ಮಾಡಿದಳು.

“ಅವರದಲ್ಲ, ತಪ್ಪ ನಂದು,” ಎಂದ ಹುಲಿಗೇಶ. ಹಮಾಲರು, ಬೇರೆ ರೈತರು ತಿರುಗಿ ನೋಡಿದರು. “ಹಾಳಿ ಸೋರತೈತಿ ಅಂತ ನನಗ ಗೊತ್ತಿತ್ತು. ನೀರ ಹಾಕಿ ನೋಡಿದ್ದೆ. ಗೊತ್ತಿದ್ದ ಮಾರಿದೆ.”

ಫಕ್ಕೀರವ್ವ ಮುರಿದ ಕಾಯಿಯನ್ನು ಅಬ್ದುಲರಜಾಕನ ಕೈಯಿಂದ ತೆಗೆದುಕೊಂಡು ನೋಡಿದಳು.

“ಅವತ್ತ ಹೇಳಿದ್ರ ಚೀಲ ತುಂಬಿ ಮನಿಯಾಗ ಒಟ್ಟತಿದ್ದೆ,” ಎಂದಳು. “ನಾವು ಹೊರಗ ಮಲಗತಿದ್ವಿ. ಕಾಯಿ ಉಳೀತಿದ್ದುವು.”

“ನುಕ್ಸಾನ ತುಂಬಿ ಕೊಡ್ತೇನವ್ವಾ. ಮಷೀನ ಮಾರಿ ಕೊಡ್ತೇನಿ.”

“ಕೊಡ್ರಿ. ಬ್ಯಾಡ ಅನ್ನಂಗಿಲ್ಲ ನಾ. ಇಂಥಾವು ಮತ್ತೆಷ್ಟ ಮಂದಿಗೆ ಮಾರೀರಿ?”

ಅವನು ಹೇಳಿದ.

“ಮುಂದ ಮಳಿಗಾಲ ಐತಿ. ಅವರಿಗೂ ನೀವ ಹೋಗಿ ಹೇಳ್ರಿ. ಯಾರ ಕಡಿಂದೂ ಹೇಳಿ ಕಳಸಬ್ಯಾಡ್ರಿ.”

ಅವಳು ಚೀಲದ ಬಾಯಿ ಕಟ್ಟತೊಡಗಿದಳು. ಅಬ್ದುಲರಜಾಕ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಅಂದ: “ನಾನೂ ವ್ಯಾಪಾರದಾಂವ ಪಾಸ್ಟರ್ರ, ಎಲ್ಲಾ ಸಾಚಾ ಅನ್ನಂಗಿಲ್ಲ. ಆದ್ರ ದೇವರ ಹೆಸರ ತಕ್ಕಡಿ ಹತ್ರ ತರಾಕ ನನಗ ಅಂಜಿಕಿ ಬರತೈತಿ.”

ಮುಂದಿನ ಭಾನುವಾರ ಹುಲಿಗೇಶ ಸಭೆಯ ಮುಂದೆಯೂ ಹೇಳಿದ. ತಗಡು ಯಾವ ದುಡ್ಡಿನಲ್ಲಿ ಬಂತು ಎಂಬುದನ್ನೂ ಬಿಡಲಿಲ್ಲ. ಹೆಂಗಸರ ಸಾಲಿನಿಂದ ಮುದುಕಿ ಉಚ್ಚಂಗೆವ್ವ ಎದ್ದಳು.

“ದುಡದು ತಿಂದದ್ದು ತಪ್ಪಲ್ರಿ. ನಾವೂ ದುಡದ ತಿಂತೀವಿ. ನಮ್ಮ ಹತ್ರ ಒಂದ ರೊಟ್ಟಿ ಇಸಗೊಳ್ಳಾಕ ನಿಮಗ ನಾಚಿಕಿ ಆತಲ್ಲ, ಅಲ್ಲೇ ತಪ್ಪಿದ್ರಿ.”

ಅವಳು ಕೂತಳು. ಹುಲಿಗೇಶ ತಲೆಯಾಡಿಸಿದ. ಅವಳು ಹೇಳಿದ್ದು ಖರೆಯಾಗಿತ್ತು.

ಎರಡು ಮಷೀನಿನಲ್ಲಿ ಒಂದನ್ನು ಮಾರಿ ಫಕ್ಕೀರವ್ವನ ನಷ್ಟ ತುಂಬಿದ. ಉಳಿದ ಒಂದರಲ್ಲಿ ಒಳ್ಳೆಯ ಹಾಳೆಯ ತಾಡಪತ್ರಿ ಹೊಲಿದು, ಸೈಕಲ್ಲಿಗೆ ಕಟ್ಟಿಕೊಂಡು ಸೋರುವ ಹಾಳೆ ಒಯ್ದವರಿಗೆ ಹೇಳಿ ಬದಲಿ ಕೊಡಲು ಊರೂರು ಹೊರಟ. ಒಬ್ಬ ನಕ್ಕ. ಒಬ್ಬಳು ಹಳೆಯದನ್ನು ಮುಖದ ಮೇಲೆ ಬರುವಂತೆ ಎಸೆದಳು. ಕೆಲವರ ಕಾಯಿಯೂ ಕೆಟ್ಟಿತ್ತು. ಅಲ್ಲಿ ಅವನು ನಷ್ಟವನ್ನು ಕಂತಿನಲ್ಲಿ ತುಂಬುವ ಮಾತು ಕೊಟ್ಟು ತಲೆ ತಗ್ಗಿಸಿ ಬಂದ.

ಮೇ ತಿಂಗಳ ಕೊನೆಗೆ ಗಳಗನಾಥದ ಲಕ್ಷ್ಮಪ್ಪನ ಮನೆಗೆ ಹೋದ. ಲಕ್ಷ್ಮಪ್ಪ ಪೂರ್ತಿ ಕೇಳಿ, ಸಿಟ್ಟಾಗದೆ, ಕುಂದ್ರಿ ಎಂದು ಚಹಾ ತರಿಸಿದ. ಆಮೇಲೆ ಹೊರಗೆ ಹೋಗಿ ಓಣಿಯ ಏಳೆಂಟು ಜನರನ್ನು ಕರೆದುಕೊಂಡು ಬಂದ.

“ಈಗ ನನಗ ಹೇಳಿದ್ರಲ್ಲಾ, ಇವರ ಮುಂದೂ ಹೇಳ್ರಿ,” ಎಂದ.

ಹುಲಿಗೇಶ ಚಹಾದ ಕಪ್ಪನ್ನು ಕೆಳಗಿಟ್ಟು ಎದ್ದುನಿಂತ. ಮೊದಲಿನಿಂದ ಹೇಳತೊಡಗಿದ. ಎಷ್ಟು ಮನೆಯಲ್ಲಿ ಹೇಳಿ ಬಂದಿದ್ದರೂ ಮುಖ ಅಷ್ಟೇ ಬಿಸಿಯಾಯಿತು.